ಅಡ್ಡಪಟ್ಟಿ, ಸೊಟ್ಟಪಟ್ಟಿ

ಸೊಟ್ಟ ಅನ್ನುವ ಪದ ಕಂಡರೆ ನನಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಸೊಟ್ಟ ಮೂತಿ, ಸೊಟ್ಟ ಕಾಲು, ಸೊಟ್ಟ ಬುದ್ಧಿ. ಛೀ, ಒಳ್ಳೆಯದಕ್ಕೆ ಯಾರಾದರೂ ಆ ಪದ ಬಳಸಿದ್ದು ಉಂಟಾ? ಇಪ್ಪತ್ತೆಂಟು ವರ್ಷ ಟೈಪಿಸ್ಟ್ ಕೆಲಸ ಮಾಡಿದವಳು ನಾನು. "ಮಾನ್ಯರೇ" ಅಂತ ಶುರುವಾಗಿ "ತಮ್ಮ ವಿಶ್ವಾಸಿ" ಅಂತ ಮುಗಿಯುವುದರ ಮಧ್ಯೆ ಏನು ಬರಬಹುದು, ಏನು ಬರಬಾರದು ಅಂತ ನನ್ನಷ್ಟು ತಿಳಿದವರು ಆಫೀಸಿನಲ್ಲಿ ಯಾರೂ ಇಲ್ಲ ಅನ್ನುವ ಜಂಬ ಬೇರೆ. ಆ ಜಂಬ ಏನು ಮಾಡಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಭಾವನ ವಿಷಯ ಹೇಳಬೇಕು, ಇದು ಅವರ ಕತೆ.

ಭಾವ ಅಂದರೆ ನಮ್ಮ ಅಕ್ಕನ ಗಂಡ. ಕಬ್ಬಿಣದ ರ್ಯಾಕ್ ಜೋಡಿಸುವುದು ಅವರ ಕೆಲಸ. ಉದ್ದಕ್ಕೂ ತೂತು ಹೊಡೆದ ಆಂಗಲ್ ಕಂಬಿ ನಾಲ್ಕು ಕಾಲಿಗೆ, ಮಧ್ಯೆ ತಗಡಿನ ಹಲಗೆ, ಮೂಲೆ ಮೂಲೆಗೆ ಬೋಲ್ಟು. ಔಷಧಿ ಅಂಗಡಿ, ಗೋದಾಮು, ಆಫೀಸು, ಎಲ್ಲಿ ಸಾಮಾನು ಪೇರಿಸಿ ಇಡಬೇಕೋ ಅಲ್ಲಿಗೆ ಹಿಂದಿನ ಜೇಬಿಗೆ ಬೋಲ್ಟ್ ಬಿಗಿಯುವ ಪಾನಾ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಎಲ್ಲ ಜೋಡಿಸಿದ ಮೇಲೆ ಹಿಂಬದಿಗೂ ಪಕ್ಕಕ್ಕೂ ಎರಡೆರಡು ಕಬ್ಬಿಣದ ಪಟ್ಟಿ ಹಾಕುತ್ತಿದ್ದರು. ಮೇಲಿನ ಒಂದು ಮೂಲೆಯಿಂದ ಕೆಳಗಿನ ಎದುರು ಮೂಲೆಗೆ, ಓರೆಯಾಗಿ. ಅದಕ್ಕೆ ಅವರು ಇಟ್ಟ ಹೆಸರು ಸೊಟ್ಟಪಟ್ಟಿ. ಅದರಿಂದಾಗಿ ಜನ ಅವರಿಗೆ ಇಟ್ಟ ಹೆಸರು ಸೊಟ್ಟಪ್ಪ. ಮನುಷ್ಯನಿಗೆ ಬೇಜಾರಾಗಬೇಕು ತಾನೇ? ಇವರು ಫೋನ್ ಎತ್ತಿದರೆ "ಹಾಂ, ಸೊಟ್ಟಪ್ಪ ಮಾತಾಡ್ತಿರೋದು" ಅಂತ ತಾವೇ ಹೇಳೋರು. ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ಹಿಡಿಯಾಗುತ್ತಿತ್ತು.

ಇಪ್ಪತ್ತನೇ ವಯಸ್ಸಿಗೆ ರ್ಯಾಕ್ ಶೆಡ್ಡಿಗೆ ಸೇರಿದವರು. ಸೇರಿದ ಮೂರನೇ ತಿಂಗಳು ಒಂದು ಗೋದಾಮಿನಲ್ಲಿ ರ್ಯಾಕ್ ನಿಲ್ಲಿಸಿ ಬಂದರಂತೆ. ತಂದಿದ್ದ ಪಟ್ಟಿ ಸಾಲಲಿಲ್ಲ, ಇಷ್ಟಕ್ಕೇನಾಗುತ್ತೆ ಅಂತ ಹಾಗೇ ಬಿಟ್ಟರು. ನಾಲ್ಕು ದಿನಕ್ಕೆ ರ್ಯಾಕ್ ಒಂದು ಪಕ್ಕಕ್ಕೆ ವಾಲಿತು. ಶೆಡ್ಡಿನ ಮೇಸ್ತ್ರಿ ಬೈಯಲಿಲ್ಲ, ಹೊಡೆಯಲಿಲ್ಲ. ಇವರನ್ನು ಕರೆದುಕೊಂಡು ಹೋಗಿ ಆ ವಾಲಿದ ರ್ಯಾಕಿನ ಪಕ್ಕ ನೆಲದ ಮೇಲೆ ಕೂರಿಸಿ, ಊಟದ ಡಬ್ಬಿ ಕೈಗೆ ಕೊಟ್ಟು, "ನೀನು ಕಟ್ಟಿದ್ದರ ಕೆಳಗೆ ನೀನೇ ಕೂತು ಉಣ್ಣಪ್ಪ" ಅಂದರಂತೆ. "ಅವತ್ತು ಏನು ಉಂಡೆ ಅಂತ ಇವತ್ತಿಗೂ ನೆನಪಿಲ್ಲ, ಕಣ್ಣೆಲ್ಲ ಮೇಲಿನ ಹಲಗೆ ಮೇಲೇ ಇತ್ತು" ಅಂತ ಭಾವ ಹೇಳೋರು. ಆಮೇಲೆ ಮೂವತ್ತನಾಲ್ಕು ವರ್ಷ ಅವರು ನಿಲ್ಲಿಸಿದ್ದು ಒಂದೂ ಬೀಳಲಿಲ್ಲ. ಓದು ಎರಡನೇ ಕ್ಲಾಸಿಗೆ ನಿಂತಿತ್ತು. ಸಹಿ ಹಾಕೋರು, ಬೋರ್ಡು ಓದೋರು, ಉದ್ದದ ಪತ್ರ ಓದೋಕೆ ಬರುತ್ತಿರಲಿಲ್ಲ. ಬೀಳದ ರ್ಯಾಕೇ ಅವರ ಸರ್ಟಿಫಿಕೇಟು.

ಒಂದು ಸಲ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಬಾಯಿ ತಡೆಯಲಾರದೆ ಕೇಳಿದೆ. "ಅಲ್ಲ ಭಾವ, ಕಾಲು ನೆಟ್ಟಗಿದೆ, ಹಲಗೆ ನೆಟ್ಟಗಿದೆ. ಅದರ ಬೆನ್ನಿಗೆ ಆ ಅಸಹ್ಯ ಯಾಕೆ ಅಂಟಿಸ್ತೀರಾ?"

ಭಾವ ಎಂಜಲು ಕೈ ತೊಳೆದುಕೊಂಡು ಬಂದು ಚೀಲದಿಂದ ನಾಲ್ಕು ಪಟ್ಟಿ, ನಾಲ್ಕು ಬೋಲ್ಟು ತೆಗೆದು ಒಂದು ಚೌಕ ಮಾಡಿದರು. ಅದನ್ನು ನೆಲದ ಮೇಲೆ ನಿಲ್ಲಿಸಿ ಹಿಡಿದುಕೊಂಡು "ತಳ್ಳು ಟೈಪಮ್ಮ" ಅಂದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ಒಂದು ಬೆರಳಲ್ಲಿ ತಳ್ಳಿದೆ. ಚೌಕ ಪಕ್ಕಕ್ಕೆ ವಾಲಿ ಚಪ್ಪಟೆಯಾಗಿ ಮಲಗಿಬಿಟ್ಟಿತು.

"ನೋಡ್ದ್ಯಾ? ಪಟ್ಟಿ ಒಂದಾದ್ರೂ ಬಗ್ಗಿತಾ? ಮುರೀತಾ? ಉದ್ದ ಕಮ್ಮಿ ಆಯ್ತಾ? ಏನೂ ಇಲ್ಲ. ಆದ್ರೂ ಬಿತ್ತು. ಚೌಕದಲ್ಲಿ ಪಟ್ಟಿ ಹೇಗಿದ್ಯೋ ಹಾಗೇ ಇರುತ್ತೆ, ಮೂಲೆ ಮಾತ್ರ ತಿರುಗಿಬಿಡುತ್ತೆ. ಅದನ್ನ ಹಿಡಿಯೋಕೆ ಇರೋದು ಬೋಲ್ಟ್ ಒಂದೇ. ಅದು ಎಷ್ಟು ಅಂತ ಹಿಡಿಯುತ್ತೆ ಪಾಪ?"

ಆಮೇಲೆ ಒಂದು ಪಟ್ಟಿ ತೆಗೆದು ಮೂರನ್ನೇ ಸೇರಿಸಿ ಬೋಲ್ಟ್ ಹಾಕಿದರು. "ಈಗ ತಳ್ಳು."

ತಳ್ಳಿದೆ. ಎರಡು ಕೈಯಲ್ಲಿ ತಳ್ಳಿದೆ. ಬಳೆ ಚರ್ಮಕ್ಕೆ ಒತ್ತಿತೇ ಹೊರತು ಅದರ ಆಕಾರ ಕದಲಲಿಲ್ಲ.

"ಮೂರು ಪಟ್ಟಿ ಸೇರಿದ್ರೆ ಮೂಲೆ ತಿರುಗೋಕೆ ದಾರಿನೇ ಇಲ್ಲ. ತಿರುಗಬೇಕಂದ್ರೆ ಯಾವುದಾದ್ರೂ ಒಂದು ಪಟ್ಟಿ ಬಗ್ಗಬೇಕು, ಇಲ್ಲ ಕಿತ್ಕೊಂಡು ಹೋಗಬೇಕು. ಕಬ್ಬಿಣ ಅಷ್ಟು ಸುಲಭಕ್ಕೆ ಬಗ್ಗುತ್ತಾ? ಚೌಕಕ್ಕೆ ಒಂದು ಸೊಟ್ಟಪಟ್ಟಿ ಹಾಕಿದ್ರೆ ಎರಡು ಮೂರುಮೂಲೆ ಆಯ್ತು. ಅಷ್ಟೇ ಗುಟ್ಟು."

"ಸೊಟ್ಟಗೆ ಯಾಕೆ? ಮಧ್ಯದಲ್ಲಿ ಇನ್ನೊಂದು ನೆಟ್ಟಗೆ ಹಾಕಿದ್ರೆ ಆಗಲ್ವಾ? ನೋಡೋಕೂ ಚೆನ್ನಾಗಿರುತ್ತೆ."

ಭಾವ ಅಕ್ಕನ ಕಡೆ ತಿರುಗಿ ನಕ್ಕರು. "ನೋಡೇ ನಿನ್ನ ತಂಗಿ. ಕುಡುಕನಿಗೆ ಇನ್ನೊಬ್ಬ ಕುಡುಕನ ಹೆಗಲು ಕೊಡ್ತಾಳಂತೆ. ಒಂದು ಚೌಕ ಇದ್ದಿದ್ದು ಎರಡು ಚೌಕ ಆಗುತ್ತೆ ಅಷ್ಟೇ ಕಣಮ್ಮ. ಬೀಳೋವಾಗ ಎರಡೂ ಜೊತೆಗೆ ಬೀಳ್ತವೆ."

ಅಕ್ಕನೂ ನಕ್ಕಳು. ನಾನು ಮುಖ ಗಂಟು ಹಾಕಿಕೊಂಡು ಊಟ ಮುಗಿಸಿದೆ. ಹೀಗೆ ಈ ಪಾಠ ನನಗೆ ಬಾಯಲ್ಲಿ ಹೇಳಿ, ಕೈಯಲ್ಲಿ ತೋರಿಸಿ, ನಕ್ಕು ಬೇರೆ ಕಲಿಸಿದ್ದರು. ಗೊತ್ತಿರಲಿಲ್ಲ ಅನ್ನೋಕೆ ನನಗೆ ಬಾಯಿಲ್ಲ.

ಅಕ್ಕನೂ ನಾನೂ ಒಂದೇ ಆಫೀಸು. ಜನರ ಮನೆ, ಜಾಗದ ಕಾಗದಗಳನ್ನು ಕಾಪಾಡುವ ಆಫೀಸು ಅಂತ ಹೆಸರಿಗೆ. ನಾನು ಮುಂದೆ ಟೈಪ್ ವಿಭಾಗದಲ್ಲಿ, ಅಕ್ಕ ಹಿಂದೆ ದಾಖಲೆ ಕೋಣೆಯಲ್ಲಿ. ಆ ಕೋಣೆಯ ಬಾಗಿಲು ತೆಗೆದರೆ ಇಲಿ ಪಿಕ್ಕೆ, ಹಳೇ ಅಂಟು, ತೇವದ ಕಾಗದ ಮೂರೂ ಸೇರಿದ ಗಬ್ಬು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವ ಗುಮಾಸ್ತರು, ಆ ಎಂಜಲು ಒಣಗಿ ಹಾಳೆ ಅಂಚಿಗೆ ಕಂದು ಬಣ್ಣ ಬಂದಿರೋದು. ಮುಟ್ಟಿದ ಮೇಲೆ ಎರಡು ಸಲ ಸೋಪು ಹಾಕಿ ಕೈ ತೊಳೆಯದೆ ನಾನು ಡಬ್ಬಿ ಬಿಚ್ಚುತ್ತಿರಲಿಲ್ಲ. ಅಲ್ಲಿ ಐದು ಸಾಲು ರ್ಯಾಕು, ಸಾಲಿಗೆ ಏಳು, ಸೂರಿನವರೆಗೆ. ಹನ್ನೊಂದು ವರ್ಷದ ಹಿಂದೆ ಭಾವನೇ ನಿಲ್ಲಿಸಿದ್ದು. ಮೂರನೇ ಸಾಲಿನ ಕೊನೆಯ ರ್ಯಾಕಿಗೆ ಬೆನ್ನು ಮಾಡಿ ಅಕ್ಕನ ಮೇಜು. ಅವಳಿಗೆ ಎರಡೂ ಮಂಡಿ ಹಾಳು. ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿದು, ಒಂದು ಸಲ ಉಸಿರು ಬಿಟ್ಟು, ಆಮೇಲೆ ಏಳಬೇಕು.

ಹೊಸ ಸಾಹೇಬರು ಬಂದರು. ಕುರ್ಚಿಯನ್ನು ಕರವಸ್ತ್ರದಲ್ಲಿ ಒರೆಸಿ ಕೂರುವ, ಅದೇ ಕರವಸ್ತ್ರದಲ್ಲಿ ಮೂಗು ಒರೆಸುವ ಮನುಷ್ಯ. ಥೂ. ಮೇಲಿನವರು ತಪಾಸಣೆಗೆ ಬರುತ್ತಾರೆ ಅಂತ ಸುದ್ದಿ ಬಂದದ್ದೇ ತಡ, ಎಲ್ಲ ಕೋಣೆ ಸುತ್ತಿ ದಾಖಲೆ ಕೋಣೆಗೂ ಬಂದರು. ರ್ಯಾಕುಗಳ ಬೆನ್ನು ನೋಡಿ ನಿಂತರು.

"ಏನ್ರೀ ಇದು? ರದ್ದು ಮಾಡಿದ ಹಾಳೆ ಥರ ಎಲ್ಲದಕ್ಕೂ ಗೀಟು ಎಳೆದಿದ್ದಾರೆ! ನೋಡೋಕೆ ಅಸಹ್ಯ. ಆ ಕಡೆಯಿಂದ ಫೈಲ್ ತೆಗೆಯೋಕೂ ಆಗಲ್ಲ. ಬಿಚ್ಚಿಸಿ ಎಲ್ಲ."

ಗುಮಾಸ್ತರಿಗೆ ಅದೇ ಬೇಕಾಗಿತ್ತು. ಪಟ್ಟಿ ಕೈಗೆ ತಗುಲಿ ಅಂಗಿ ತೋಳು ಹರಿಯುತ್ತೆ ಅಂತ ವರ್ಷಗಳಿಂದ ಗೊಣಗುತ್ತಿದ್ದರು. ಜವಾನ ಎರಡು ದಿನ ಕೂತು ಎಲ್ಲ ಪಟ್ಟಿ ಬಿಚ್ಚಿ ಗುಜರಿಗೆ ಹಾಕಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಸೂರು ಸೋರುತ್ತೆ, ಇಲಿ ಓಡಾಡುತ್ತೆ, ಅದ್ಯಾವುದೂ ಸಾಹೇಬರ ಕಣ್ಣಿಗೆ ಅಸಹ್ಯ ಅಲ್ಲ. ಹೇಳಿದರೆ ನಾಚಿಕೆ, ಅವತ್ತು ಆ ಬೋಳು ಬೆನ್ನು ನೋಡಿ ನನಗೂ ಪರವಾಗಿಲ್ಲ ಅನ್ನಿಸಿತ್ತು.

ಸಂಜೆ ಭಾವ ಅಕ್ಕನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗಲು ಬಂದರು. ದಾಖಲೆ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಮೆಲ್ಲಗೆ ಒಳಗೆ ಬಂದು ಅಕ್ಕನ ಬೆನ್ನ ಹಿಂದಿನ ರ್ಯಾಕಿಗೆ ಒಂದು ಬೆರಳು ಇಟ್ಟು ಒತ್ತಿದರು. ಕಿರ್ ಅಂತ ಸದ್ದು ಬಂತು. ಸೂರಿನ ಹತ್ತಿರದ ಕಟ್ಟೊಂದು ಅಲ್ಲಾಡಿತು.

"ಏಳೇ," ಅಂದರು ಅಕ್ಕನಿಗೆ. ಅಷ್ಟು ಒರಟಾಗಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ. "ಮೊದಲು ಅಲ್ಲಿಂದ ಎದ್ದು ಈಚೆ ಬಾ."

ನೇರ ಸಾಹೇಬರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ.

"ಸಾರ್, ಆ ಪಟ್ಟಿ ತೆಗೀಬಾರದಾಗಿತ್ತು. ರ್ಯಾಕ್ ಬೀಳುತ್ತೆ. ಜನ ಕೂರ್ತಾರೆ ಅಲ್ಲಿ. ನನ್ನ ಹೆಂಡ್ತಿ ಕೂರ್ತಾಳೆ."

"ಹನ್ನೊಂದು ವರ್ಷದಿಂದ ನಿಂತಿಲ್ವೇನ್ರೀ? ಇವತ್ತು ಬೀಳುತ್ತಾ?"

"ಪಟ್ಟಿ ಇತ್ತು, ಅದಕ್ಕೇ ನಿಂತಿತ್ತು ಸಾರ್. ನಾನೇ ಹಾಕಿ ಕೊಡ್ತೀನಿ, ನನ್ನ ಕೈಯಿಂದಲೇ."

"ಹೊರಗಿನೋರು ಆಫೀಸಿನ ಸಾಮಾನಿಗೆ ಕೈ ಹಾಕೋ ಹಾಗಿಲ್ಲ. ಬರವಣಿಗೆಯಲ್ಲಿ ಕೊಡಿ, ನೋಡೋಣ. ಬೇಡ ಅಂತ ನಾನು ಅಂದಿಲ್ಲ, ಮಾಡ್ತೀನಿ ಅಂತಾನೂ ಅಂದಿಲ್ಲ." ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇಷ್ಟು ಹೇಳಿ ಕರವಸ್ತ್ರ ತೆಗೆದರು.

ಭಾವ ಕೇಳಬೇಕಲ್ಲ. ಹೊರಡುವ ಮುಂಚೆ ಚೀಲದಲ್ಲಿದ್ದ ಎರಡು ಪಟ್ಟಿ ತೆಗೆದು ಅಕ್ಕನ ಹಿಂದಿನ ರ್ಯಾಕಿಗೆ ಓರೆಯಾಗಿ ಬಿಗಿದರು. ಅವರ ಹತ್ತಿರ ಇದ್ದದ್ದೇ ಅಷ್ಟು. ಅಕ್ಕ ಅದರ ಮೇಲೆ ಒಂದು ಹಳೇ ಭೂಪಟ ನೇತುಹಾಕಿ ಮುಚ್ಚಿದಳು. ಬೇರೆ ಕಡೆ ಮೇಜು ಹಾಕಿಕೊಡಿ ಅಂತ ಅವಳು ಕೇಳಿದ್ದಕ್ಕೆ "ಜಾಗವಿಲ್ಲ" ಅಂತ ಚೀಟಿ ಬಂತು.

ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಭಾವ ನಮ್ಮ ಮನೆಗೆ ಬಂದು ನೆಟ್ಟಗೆ ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಬರ್ಕೋ ಟೈಪಮ್ಮ. ಒಂದೊಂದು ರ್ಯಾಕಿನ ಹಿಂದೆನೂ ಎರಡು ಸೊಟ್ಟಪಟ್ಟಿ. ಒಂದು, ಮೇಲಿನ ಎಡಗಡೆ ಮೂಲೆಯಿಂದ ಕೆಳಗಿನ ಬಲಗಡೆ ಮೂಲೆಗೆ. ಇನ್ನೊಂದು, ಮೇಲಿನ ಬಲಗಡೆ ಮೂಲೆಯಿಂದ ಕೆಳಗಿನ ಎಡಗಡೆ ಮೂಲೆಗೆ. ಸೊಟ್ಟಗೇ ಇರಬೇಕು. ನೆಟ್ಟಗೆ ಹಾಕಿದ್ರೆ ದಂಡ ಅಂತಾನೂ ಬರಿ."

"ಭಾವ, ಸೊಟ್ಟ ಅಂತೆಲ್ಲ ಬರೆದ್ರೆ ಆಫೀಸಲ್ಲಿ ನಗ್ತಾರೆ."

"ನಗಲಿ ಬಿಡು. ನಕ್ಕೊಂಡೇ ಹಾಕಿಸಲಿ."

ಶಾರ್ಟ್‌ಹ್ಯಾಂಡಿನಲ್ಲಿ ಎಲ್ಲ ಬರೆದುಕೊಂಡೆ. ಸೋಮವಾರ ಟೈಪ್ ಮಾಡಲು ಕೂತಾಗ ಕೈ ಓಡಲಿಲ್ಲ. ಎಡಗಡೆ, ಬಲಗಡೆ, ಮೂಲೆ, ಸೊಟ್ಟ, ದಂಡ. ಇದೇನು ಪತ್ರವೋ, ಬೀದಿ ಜಗಳವೋ? ನಾಳೆ ಇದು ಐದು ಮೇಜು ಸುತ್ತುತ್ತೆ, ಟೈಪ್ ಮಾಡಿದವಳು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ, ಇವಳ ಭಾವ ಸೊಟ್ಟಪ್ಪ ಅಂತ ನಗುತ್ತಾರೆ. ನನ್ನ ಶುದ್ಧ ಭಾಷೆಗೆ ಮೈಲಿಗೆ ಬೇರೆ. ಆದ್ದರಿಂದ ನಾನು ಹೀಗೆ ಟೈಪ್ ಮಾಡಿದೆ: "ಪ್ರತಿ ಕಪಾಟಿನ ಹಿಂಬದಿಗೆ ಎರಡು ಅಡ್ಡಪಟ್ಟಿಗಳನ್ನು ಅಳವಡಿಸಬೇಕೆಂದು ತಮ್ಮಲ್ಲಿ ಸವಿನಯವಾಗಿ ಕೋರುತ್ತೇನೆ." ಉಳಿದದ್ದೆಲ್ಲ ಅನಾವಶ್ಯಕ ಅಂತ ಬಿಟ್ಟೆ. ಓದಿ ನೋಡಿದರೆ ಎಷ್ಟು ಚೆನ್ನಾಗಿತ್ತು! ಒಂದು ಕಾಗುಣಿತದ ತಪ್ಪಿಲ್ಲ.

ಸಹಿ ಹಾಕುವಾಗ ಭಾವ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು. "ಸೊಟ್ಟಪಟ್ಟಿ ಅಂತ ಬಂತಾ?"

"ಬಂತು ಭಾವ," ಅಂದೆ.

ಅವರು ನಂಬಿದರು. ಹಾಳೆಯ ಕೆಳಗೆ ಪುಸ್ತಕ ಇಟ್ಟುಕೊಂಡು, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ಸಹಿ ಮಾಡಿದರು.

ಪತ್ರ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಹನ್ನೆರಡು ದಿನ. ಎರಡರ ಮಧ್ಯೆ ಇರುವುದು ಮೂರು ಹೆಜ್ಜೆ. ಅದರ ಮೇಲೆ ಒಬ್ಬ ಚಹಾ ಲೋಟ ಇಟ್ಟ, ಇನ್ನೊಬ್ಬ ಹಲ್ಲು ಚುಚ್ಚಿಕೊಂಡ ಕಡ್ಡಿ ಇಟ್ಟ. ಭಾವನ ಚೀಲವನ್ನು ಈಗ ಗೇಟಿನಲ್ಲೇ ಇಡಿಸಿಕೊಳ್ಳುತ್ತಿದ್ದರು, ಅವರು ಪ್ರತಿ ಸಂಜೆ ಬರಿಗೈಯಲ್ಲೇ ಬಂದು ಎಲ್ಲ ಸಾಲಿಗೂ ಬೆರಳು ಇಟ್ಟು ನೋಡೋರು. "ಇವತ್ತು ನಿನ್ನೆಗಿಂತ ಒಂದು ಬೆರಳು ಜಾಸ್ತಿ ವಾಲಿದೆ" ಅನ್ನೋರು. ರಾತ್ರಿ ಅವರು ನಿದ್ದೆ ಮಾಡುತ್ತಿಲ್ಲ ಅಂತ ಅಕ್ಕ ಹೇಳಿದಳು. ರಜೆ ಹಾಕು ಅಂದರೆ ಇರುವ ರಜೆಯೆಲ್ಲ ಮಂಡಿ ನೋವಿಗೇ ಮುಗಿದಿತ್ತು. ನಾನು ಎದುರು ಬಂದಾಗಲೆಲ್ಲ ಭಾವ ಒಂದೇ ಕೇಳೋರು. "ಪತ್ರ ಎಲ್ಲಿಗೆ ಬಂತಮ್ಮ?"

ಮೂರು ತಿಂಗಳಿಗೆ ಮಂಜೂರಾಯಿತು. ಸಾಹೇಬರಿಗೆ ಬೇಕಾದ ಯಾವನೋ ಒಬ್ಬ ಗುತ್ತಿಗೆ ಹಿಡಿದ. ಭಾನುವಾರ ಆಫೀಸಿನ ಬಾಗಿಲು ತೆಗೆಸಿ ಒಂದೇ ದಿನದಲ್ಲಿ ಕೆಲಸ ಮುಗಿಸಿ ಹೋದ. ಸೋಮವಾರ ಬೆಳಿಗ್ಗೆ ನಾನೂ ಅಕ್ಕನೂ ಹೋಗಿ ನೋಡಿದೆವು. ಭೂಪಟ ಮುಚ್ಚಿದ್ದ ಅಕ್ಕನ ಹಿಂದಿನದೊಂದನ್ನು ಬಿಟ್ಟು ಪ್ರತಿ ರ್ಯಾಕಿನ ಬೆನ್ನಿಗೂ ಎರಡೆರಡು ಪಟ್ಟಿ, ಬೂದು ಬಣ್ಣ, ಈ ಕಾಲಿನಿಂದ ಆ ಕಾಲಿಗೆ ಅಡ್ಡಕ್ಕೆ, ನೋಟುಬುಕ್ಕಿನ ಗೆರೆಗಳ ಹಾಗೆ ನೇರ.

"ನೀಟಾಗಿದೆ ಅಲ್ವೇನೇ?" ಅಂದೆ ನಾನು. ನನ್ನ ಬಾಯಿಗೆ ಬೆಂಕಿ ಹಾಕ.

ಅಕ್ಕ ಕತ್ತು ಓರೆ ಮಾಡಿ ನೋಡಿದಳು. "ಇವರು ಹಾಕೋ ಥರ ಇಲ್ವಲ್ಲೇ ಇದು. ಸಂಜೆ ಬಂದು ಅವರೇ ನೋಡಲಿ." ಆಮೇಲೆ ನನ್ನ ಮೇಜಿನ ಫೋನಿನಿಂದ ಭಾವನಿಗೆ ಪಟ್ಟಿ ಹಾಕಿದ್ದಾರೆ ಅಂತ ಹೇಳಿದಳು. ಆ ಕಡೆಯಿಂದ ಅವರು ನಕ್ಕಿದ್ದು ನನಗೂ ಕೇಳಿಸಿತು. ಮೂರು ತಿಂಗಳಲ್ಲಿ ಅದೇ ಮೊದಲು.

ಸಂಜೆಯವರೆಗೆ ಅದು ಕಾಯಲಿಲ್ಲ. ಪಟ್ಟಿ ಹಾಕಿದ ಧೈರ್ಯಕ್ಕೆ ಮೇಲಿನ ಹಲಗೆಗಳಿಗೆ ಇನ್ನಷ್ಟು ಕಟ್ಟು ತುಂಬಿಸಿ ಅಂತ ಸಾಹೇಬರು ಹೇಳಿದ್ದರು. ಮೂರು ಗಂಟೆ ಹೊತ್ತಿಗೆ ಜವಾನ ಮೂರನೇ ಸಾಲಿನ ಆ ತುದಿಯಲ್ಲಿ ಏಣಿ ಹಾಕಿ ಹತ್ತಿ ಒಂದು ಕಟ್ಟನ್ನು ನೂಕಿದ. ರ್ಯಾಕ್ ಅಕ್ಕನ ಕಡೆಗೆ ವಾಲಿತು. ಒಂದು ಬೆರಳು ತಳ್ಳಿದಾಗ ಊಟದ ಮನೆಯಲ್ಲಿ ಆ ಚೌಕ ಮಲಗಿತಲ್ಲ, ಹಾಗೇ. ಅದು ಪಕ್ಕದ್ದನ್ನು ತಳ್ಳಿತು, ಪಕ್ಕದ್ದು ಅದರ ಪಕ್ಕದ್ದನ್ನು. ನಾನು ಟೈಪ್ ಕೋಣೆಯಲ್ಲಿ ಕೂತಿದ್ದೆ. ಲಾರಿ ಕಲ್ಲು ಸುರಿದ ಸದ್ದು ಕೇಳಿ ಓಡಿದೆ. ಕೋಣೆ ತುಂಬ ಧೂಳು. "ಅಕ್ಕಾ" ಅಂತ ಎಷ್ಟು ಸಲ ಕೂಗಿದೆನೋ.

"ಇದ್ದೀನಿ ಕಣೇ," ಅಂತ ಒಳಗಿಂದ ಸದ್ದು ಬಂತು.

ಅವಳು ಕುರ್ಚಿಯಿಂದ ಎದ್ದೂ ಇರಲಿಲ್ಲ. ಏಳಲು ಆಗಿರಲಿಲ್ಲ. ಸಾಲಿನ ಆರು ರ್ಯಾಕುಗಳು ಒಂದರ ಮೇಲೊಂದು ಬಂದು ಅವಳ ಬೆನ್ನ ಹಿಂದಿನ ಏಳನೆಯದಕ್ಕೆ ಒರಗಿ ನಿಂತಿದ್ದವು. ಭೂಪಟ ಹರಿದು ಜೋತುಬಿದ್ದಿತ್ತು. ಅದರ ಹಿಂದೆ ಆ ಎರಡು ಸೊಟ್ಟಪಟ್ಟಿ, ಒಂದಕ್ಕೊಂದು ಅಡ್ಡ ಹಾಯ್ದು, ಬಿಗಿಯಾಗಿ ನಿಂತಿದ್ದವು. ಏಳನೇ ರ್ಯಾಕ್ ಒಂದು ನೂಲಿನಷ್ಟೂ ಕದಲಿರಲಿಲ್ಲ. ಆ ತುದಿಯಲ್ಲಿ ಮಾತ್ರ ಜವಾನ ಏಣಿಯಿಂದ ಬಿದ್ದಿದ್ದ, ಅವನ ಪಾದದ ಮೇಲೆ ಆಂಗಲ್ ಕೂತಿತ್ತು. ಅವನ ಕಿರುಚಾಟ ಈಗಲೂ ನನ್ನ ಕಿವಿಯಲ್ಲಿದೆ.

ಭಾವ ಬಂದಾಗ ಜವಾನನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿಯಾಗಿತ್ತು. ಅವರು ಮೊದಲು ಅಕ್ಕನ ತಲೆ ಮುಟ್ಟಿ ನೋಡಿದರು, ಕೈ ಮುಟ್ಟಿ ನೋಡಿದರು. ಆಮೇಲೆ ಬಿದ್ದ ರ್ಯಾಕೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಬೂದು ಪಟ್ಟಿಯ ಮೇಲೆ ಕೈ ಆಡಿಸಿದರು.

"ಒಂದು ಚೌಕನ ಮೂರು ಚೌಕ ಮಾಡಿದ್ದಾರೆ," ಅಂದರು. "ಯಾರಮ್ಮ ಇವರಿಗೆ ಹೀಗೆ ಹೇಳಿದ್ದು?"

ಆಗ ನನ್ನ ತಲೆಗೆ ಹೊಳೆಯಿತು. ಇಷ್ಟು ವರ್ಷದಲ್ಲಿ ಆ ಹಲ್ಕಾ ಆಫೀಸು ಪತ್ರದಲ್ಲಿ ಬರೆದದ್ದನ್ನು ಒಂದೇ ಒಂದು ಸಲ ಬರೆದ ಹಾಗೇ ಮಾಡಿತ್ತು. ಅಡ್ಡಪಟ್ಟಿ ಅಂದರೆ ಅಡ್ಡಕ್ಕೆ ಹಾಕುವ ಪಟ್ಟಿ. ಅವರು ಅಡ್ಡಕ್ಕೇ ಹಾಕಿದ್ದರು. ನಾನು ಎದ್ದು ಟೈಪ್ ಕೋಣೆಗೆ ಹೋಗಿಬಿಟ್ಟೆ. 

ವಾರಕ್ಕೆ ವಿಚಾರಣೆ ಇಟ್ಟರು. ಸಾಹೇಬರು, ಮೇಲಿನಿಂದ ಬಂದ ಇಬ್ಬರು. ಆಡಿದ ಮಾತೆಲ್ಲ ಬರೆದುಕೊಂಡು ಟೈಪ್ ಮಾಡಲು ನನ್ನನ್ನೇ ಕೂರಿಸಿದರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸೊಟ್ಟಪಟ್ಟಿ ಅಂತ ಬರೆದು ಕೊಟ್ಟಿದ್ದೇನೆ, ಇವರು ಹಾಕಿದ್ದು ಬೇರೆ, ಅಷ್ಟು ಹೇಳಿದರೆ ಮುಗಿಯಿತು ಅನ್ನುವ ಧೈರ್ಯ ಅವರ ಮುಖದಲ್ಲಿತ್ತು.

ಸಾಹೇಬರು ಪತ್ರ ಎತ್ತಿ ಜೋರಾಗಿ ಓದಿದರು. ಎರಡು ಅಡ್ಡಪಟ್ಟಿಗಳನ್ನು ಅಳವಡಿಸಬೇಕೆಂದು.

"ಈ ಸಹಿ ನಿಮ್ಮದು ತಾನೇ?"

"ನಂದೇ ಸಾರ್."

"ಇದರಲ್ಲಿ ಓರೆ ಅಂತ ಎಲ್ಲಿದೆ? ಮೂಲೆ ಅಂತ ಎಲ್ಲಿದೆ? ನೀವು ಕೇಳಿದ್ದನ್ನೇ ನಾವು ಹಾಕಿಸಿದ್ದೀವಿ."

ಭಾವ ಕೈ ಚಾಚಿ ಪತ್ರ ತೆಗೆದುಕೊಂಡರು. ಹಾಳೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಒಂದೇ ಸಲ. ನಾನು ಪೆನ್ಸಿಲ್ ಹಿಡಿದು ತಲೆ ಬಗ್ಗಿಸಿದೆ. ಆಗಲಾದರೂ ಎದ್ದು ನಿಂತು, ತಪ್ಪು ನನ್ನದು ಅನ್ನಬಹುದಿತ್ತು. ಕೆಲಸ ಹೋಗುತ್ತೆ, ಪಿಂಚಣಿ ಹೋಗುತ್ತೆ, ಮಾನ ಹೋಗುತ್ತೆ. ಮಾನ! ಥೂ ನನ್ನ ಜನ್ಮಕ್ಕೆ.

"ನಾನೇ ಹೇಳಿದ್ದು ಸಾರ್," ಅಂದರು ಭಾವ. "ತಪ್ಪು ನಂದೇ."

ಅದನ್ನು ನಾನು ಬರೆದುಕೊಂಡೆ.

ಸಾಹೇಬರು ಅಲ್ಲಿಗೂ ಬಿಡಲಿಲ್ಲ. "ನಿಮ್ಮ ಹೆಂಡತಿ ಕೂರೋ ರ್ಯಾಕಿಗೆ ಮಾತ್ರ ಸರಿಯಾದ ಪಟ್ಟಿ ಹಾಕಿದ್ರಲ್ಲ? ಅಂದ್ರೆ ನಿಮಗೆ ಗೊತ್ತಿತ್ತು. ಹೆಂಡತಿಗೆ ಸೊಟ್ಟ, ಊರಿಗೆಲ್ಲ ಅಡ್ಡ!" ಅಂದು ನಕ್ಕರು. ಇನ್ನಿಬ್ಬರೂ ನಕ್ಕರು. ನಾನು ಮಧ್ಯಾಹ್ನ ಅದೆಲ್ಲವನ್ನೂ ಟೈಪ್ ಮಾಡಿದೆ, ನಾಲ್ಕು ಪ್ರತಿ.

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರೆ. ಆ ಮಾತು ಗೋದಾಮಿನಿಂದ ಗೋದಾಮಿಗೆ ಹರಡಿತು. ತನ್ನ ಹೆಂಡತಿಯನ್ನು ಮಾತ್ರ ಉಳಿಸಿಕೊಂಡು ಜವಾನನ ಕಾಲು ಮುರಿಸಿದವನು ಅಂತ. ಶೆಡ್ಡಿನ ಯಜಮಾನ "ಸ್ವಲ್ಪ ದಿನ ಬರಬೇಡಪ್ಪ" ಅಂದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಭಾವ ವಾರಕ್ಕೆರಡು ಸಲ ಜವಾನನ ಮನೆಗೆ ಹೋಗಿ ಅವನ ಪಾದಕ್ಕೆ ಎಣ್ಣೆ ತಿಕ್ಕಿ ಬರೋರು. ಉಳಿದ ಹೊತ್ತು ಅಕ್ಕಪಕ್ಕದವರ ಸ್ಟೂಲು, ಏಣಿ ರಿಪೇರಿ ಮಾಡುತ್ತ ಮನೆ ಮುಂದೆ ಕೂರೋರು.

ನನ್ನನ್ನು ಅವರು ಒಂದು ಮಾತೂ ಕೇಳಲಿಲ್ಲ. ಕೇಳಿದವಳು ಅಕ್ಕ.

"ಆ ಪದ ಬರೆದಿದ್ರೆ ನಿನ್ನ ಗಂಟೇನೇ ಹೋಗ್ತಿತ್ತು?"

"ಬಿಡೇ," ಅಂದರು ಭಾವ, ಸ್ಟೂಲಿನಿಂದ ತಲೆ ಎತ್ತದೆ. "ನಮ್ಮ ಶೆಡ್ಡಿನ ಮಾತು ಅದು. ಅವಳಿಗೆ ಗೊತ್ತಾಗಲಿಲ್ಲ."

ಗೊತ್ತಿತ್ತು. ಎರಡು ಕೈಯಲ್ಲಿ ತಳ್ಳಿ ನೋಡಿದ್ದೆ. ಅಲ್ಲಿಂದ ಮುಂದೆ ನನ್ನ ಕೈಲಿ ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ.

ಮಾರನೇ ದಿನ ಆಫೀಸಿಗೆ ಹೋಗಿ ಹಾಳೆ ಏರಿಸಿದೆ. ಭಾವ ಹೇಳಿದ ಒಂದೊಂದು ಮಾತನ್ನೂ ಅವರು ಹೇಳಿದ ಹಾಗೇ ಟೈಪ್ ಮಾಡಿದೆ. ಸೊಟ್ಟಪಟ್ಟಿ. ಮೇಲಿನ ಎಡಗಡೆ ಮೂಲೆಯಿಂದ ಕೆಳಗಿನ ಬಲಗಡೆ ಮೂಲೆಗೆ. ಸೊಟ್ಟಗೇ ಇರಬೇಕು, ನೆಟ್ಟಗೆ ಹಾಕಿದರೆ ದಂಡ. ಇದನ್ನು ಅವರು ಹೇಳಿದ್ದರು, ಬದಲಾಯಿಸಿದವಳು ನಾನು, ಬಂತಾ ಅಂತ ಕೇಳಿದ್ದಕ್ಕೆ ಬಂತು ಅಂತ ಸುಳ್ಳು ಹೇಳಿದವಳೂ ನಾನು, ಶಿಕ್ಷೆ ಏನಿದ್ದರೂ ನನಗೆ. ಕೆಳಗೆ ಸಹಿ ಹಾಕಿ ಸಾಹೇಬರ ಮುಂದೆ ಇಟ್ಟೆ.

ಅವರು ಓದಿದರು. ಓದುತ್ತಾ ಹೋದ ಹಾಗೆ ಮುಖ ಗಂಟಾಯಿತು. ತಪ್ಪು ನನ್ನದು ಅಂತಾದರೆ ಪಟ್ಟಿ ಬಿಚ್ಚಿಸಿದ್ದು ಯಾರು ಅನ್ನುವ ಮಾತೂ ಮತ್ತೆ ಏಳುತ್ತಲ್ಲ.

"ಪ್ರಕರಣ ಮುಗಿದಿದೆ," ಅಂದರು. ಕೆಂಪು ಪೆನ್ನು ತೆಗೆದು ಹಾಳೆಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದು ಗೀಟು ಎಳೆದು, ರದ್ದು ಅಂತ ಬರೆದು ನನ್ನ ಕಡೆ ತಳ್ಳಿದರು. ಆ ಪೆನ್ನು ಮುಚ್ಚಿದ ಕೈಯಲ್ಲೇ ಮೂಗು ಒರೆಸಿಕೊಂಡರು.

ಹಾಳೆ ಹಿಡಿದು ಸೀದಾ ಅಕ್ಕನ ಮನೆಗೆ ಹೋದೆ. ಭಾವ ಯಾರದೋ ಏಣಿಗೆ ಪಟ್ಟಿ ಬಿಗಿಯುತ್ತಿದ್ದರು. ಅವರ ಕೈಗೆ ಹಾಳೆ ಕೊಟ್ಟು, ಇದರಲ್ಲಿ ಎಲ್ಲ ನಿಜ ಬರೆದಿದ್ದೇನೆ ಭಾವ, ಸೊಟ್ಟಪಟ್ಟಿ ಅಂತಲೇ ಬರೆದಿದ್ದೇನೆ, ಅವರು ಒಪ್ಪಲಿಲ್ಲ ಅಂತ ಹೇಳುವಷ್ಟರಲ್ಲಿ ಅಳು ಬಂತು.

ಭಾವ ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಅಕ್ಷರ ಓದಲು ಹೋಗಲಿಲ್ಲ. ಆ ಕೆಂಪು ಗೀಟಿನ ಮೇಲೆ ಎಡಗಡೆ ಮೂಲೆಯಿಂದ ಬಲಗಡೆ ಮೂಲೆಯವರೆಗೆ ಗ್ರೀಸಿನ ಬೆರಳು ಎಳೆದರು.

"ಹಾಕೋಕೆ ಬರುತ್ತೆ ನೋಡು ಅವರಿಗೆ," ಅಂದರು. "ಇದೊಂದನ್ನ ಸರಿಯಾಗಿ ಹಾಕಿದ್ದಾರೆ."

ಹಾಳೆ ಮಡಿಸಿ ಜೇಬಿಗೆ ಇಟ್ಟುಕೊಂಡು, ಏಣಿ ಹಿಡಿದುಕೋ ಅಂತ ನನಗೆ ಹೇಳಿದರು. ನಾನು ಹಿಡಿದುಕೊಂಡೆ.